ತಕ್ಕದ್ದು

ಶನಿವಾರದ ಬೆಳಗಿನ ಶಾಲೆ. ಗುಡಿಬಂಡೆ, ಒಂಬತ್ತನೇ 'ಬಿ'.
ಮೂರು ಪೀರಿಯಡ್ಡಿನೊಳಗೆ ಭೂಮಿ ಉಳಿಯಬೇಕೆಂದು
ಚೌಡರೆಡ್ಡಿ ಮೇಷ್ಟ್ರು ಚಾಕ್‌ಪೀಸಿನ ಡಬ್ಬಿಯಿಂದ
ಚೀಟಿ ಎತ್ತಿಸಿ ದೇಶ ಹಂಚಿದರು.
ನಾನು ಕನ್ನಡದವಳು; ಒಪ್ಪಂದದಲ್ಲಿ ಕಾಗುಣಿತ ತಪ್ಪಬಾರದೆಂದು
ನನ್ನನ್ನು ಬರೆಯಲು ಕೂರಿಸಿದರು.

ಅಮೆರಿಕ ಬಂದದ್ದು ವೆಂಕಟಶಿವನಿಗೆ.
ಜೂನ್‌ನಿಂದ ಒಂದು ನೋಟ್ಸೂ ಪೂರ್ತಿ ಬರೆಯದವನು
ಚೀಟಿ ಬಿಚ್ಚಿದ್ದೇ ತಡ, ಬೆನ್ನು ನೆಟ್ಟಗೆ ಮಾಡಿ
ಮುಂದಿನ ಬೆಂಚಿಗೆ ಬಂದು ಕೂತ, ಯಾರನ್ನೂ ಕೇಳದೆ.
ಚೀನಾ ವರ್ಲಕೊಂಡದ ಗಗನ್‌ಗೆ. ಸೌದಿ ಇಮ್ತಿಯಾಜನಿಗೆ,
"ನಮ್ಮ ಚಿಕ್ಕಪ್ಪ ಅಲ್ಲೇ ಮಿಸ್, ಏಸಿ ರಿಪೇರಿ" ಎಂದು ಹಿಗ್ಗಿದ.
ಇಂಡಿಯಾ ಸಿಕ್ಕ ಕೀರ್ತನಳಿಗೆ ಚಪ್ಪಾಳೆ.
ಡಬ್ಬಿಯ ತಳದ ಚೀಟಿ ಗಂಗರತ್ನಳದು: ತುವಾಲು.

ಮನೆಯಲ್ಲಿ ತೆಲುಗಾಡುವ ತರಗತಿ ಬಿದ್ದು ಬಿದ್ದು ನಕ್ಕಿತು.
ತುವಾಲೆಂದರೆ ಅವರಿಗೆ ಮೈಯೊರೆಸುವ ಬಟ್ಟೆ.
"ನೆಂದರೆ ಹಿಂಡಿ ಹಗ್ಗಕ್ಕೆ ಹಾಕೇ!" ಇದು ಅಮೆರಿಕ.
ಅಟ್ಲಾಸಿನಲ್ಲಿ ಹುಡುಕಿದೆವು, ಅವಳೂ ನಾನೂ.
ಪುಟದ ಮಡಿಕೆಯಲ್ಲಿ, ಹೊಲಿಗೆಯ ದಾರದ ಪಕ್ಕ
ರಾಗಿಕಾಳಿನ ಅರ್ಧದಷ್ಟು ಚುಕ್ಕೆ.
ಉಗುರಿನಿಂದ ಕೆರೆದು ನೋಡಿದಳು, ಕೊಳೆಯೇನೋ ಎಂದು.

ಜಗಳ ಶುರುವಾದದ್ದು, ಹೊಗೆ ಮೊದಲು ಬಿಟ್ಟವರು ಯಾರೆಂದು.
"ಇನ್ನೂರು ವರ್ಷ ಉಂಡವರು ನೀವು,
ಎಂಜಲೆಲೆ ಎತ್ತೋದಕ್ಕೆ ನಾವಾ?" ಕೀರ್ತನ ಕೇಳಿದಳು.
ಬೆಂಚು ಕುಟ್ಟಿದರು. ಸುಳ್ಳೇಕೆ, ನನಗೂ ಮೈ ಜುಮ್ಮೆಂದಿತು.
"ನಮ್ಮ ಫ್ಯಾಕ್ಟರಿ ಮುಚ್ಚಿದರೆ ನಮ್ಮೋರಿಗೆ ಅನ್ನ ನೀನು ಹಾಕ್ತೀಯಾ?"
"ಅವರು ಮಾಡಲಿ, ಆಮೇಲೆ ನಾವು."
"ಇವರು ಮಾಡಲಿ, ಆಮೇಲೆ ನಾವು."
"ಎಣ್ಣೆ ಅನ್ನೋ ಪದಾನೇ ಬರೀಬೇಡಿ ಮಿಸ್."
"ಎಲ್ಲರೂ ಒಪ್ಪೋ ಹಾಗೆ ಏನಾದರೂ ಬರೀರಿ ಮೇಡಂ,"
ಚೌಡರೆಡ್ಡಿ ಮೇಷ್ಟ್ರು ಗಡಿಯಾರ ನೋಡಿದರು,
"ಹನ್ನೆರಡೂಕಾಲಿಗೆ ಬಾಗೇಪಲ್ಲಿ ಬಸ್ಸು."

ನಾನು ಬೋರ್ಡಿನ ಮೇಲೆ ಬರೆದಿದ್ದೆ:
ಎಲ್ಲ ದೇಶಗಳೂ ಹೊಗೆಯನ್ನು ತಗ್ಗಿಸತಕ್ಕದ್ದು.
"ತಕ್ಕದ್ದು ತೆಗೀರಿ" ಎಂದ ವೆಂಕಟಶಿವ.
ಎರಡು ವರ್ಷದಲ್ಲಿ ವ್ಯಾಕರಣದ ಬಗ್ಗೆ ಅವನ ಮೊದಲ ಮಾತು.
ಒರೆಸಿದೆ. ತಗ್ಗಿಸಬೇಕು.
ಚೀನಾ ತಲೆಯಾಡಿಸಲಿಲ್ಲ. ತಗ್ಗಿಸಬಹುದು.
ಸೌದಿಯ ಹುಬ್ಬು ಇನ್ನೂ ಗಂಟು. ತಗ್ಗಿಸಿಯಾರು.
ಸಂಭಾವನಾರ್ಥಕವನ್ನು ಹೋದ ವಾರವೇ ಮಾಡಿದ್ದೆ,
ಮಳೆ ಬಂದೀತು, ಬಸ್ಸು ಸಿಕ್ಕೀತು ಎಂದು;
ಆಗ ಯಾರ ತಲೆಗೂ ಹತ್ತಿರಲಿಲ್ಲ.
ಈಗ ಒಂದೊಂದಾಗಿ ಕೈಗಳೆಲ್ಲ ಮೇಲೆದ್ದವು.
ಗಂಗರತ್ನಳ ಕೈ ಮೊದಲಿಂದಲೂ ಮೇಲೇ ಇತ್ತು,
ಮಾತಾಡಬೇಕೆಂದು.
ಅದನ್ನೂ ಎಣಿಸಿಕೊಂಡೆವು. ಸರ್ವಾನುಮತ.

ಗಂಟೆ ಹೊಡೆಯಿತು. ಬಿಸಿಬೇಳೆ ಬಾತಿನ ವಾಸನೆಗೆ
ದೇಶಗಳೆಲ್ಲ ತಟ್ಟೆ ಹಿಡಿದು ಓಡಿದವು.
ಅವಳು ನಿಂತಳು. "ಮಿಸ್, ನೀರು ಜಾಸ್ತಿಯಾಗಿ
ಊರು ಹೋಗುತ್ತಾ, ನಿಜವಾಗ್ಲೂ?"
ಸಾವಿರದ ಇನ್ನೂರು ಅಡಿ ಕೊರೆಸಿದವರ ಸೀಮೆಯಲ್ಲಿ
ಇದಕ್ಕೆ ಏನು ಹೇಳಲಿ.
ಕೋಟೆಯ ಮೇಲಿಂದ ನೋಡಿದರೆ ಭೈರಸಾಗರದ ಕೆರೆ
ಭಾರತದ ನಕ್ಷೆಯ ಹಾಗೇ ಎಂದು ಊರಿಗೆಲ್ಲ ಹೆಮ್ಮೆ;
ನೆಂಟರು ಬಂದರೆ ಮೊದಲು ಬೆಟ್ಟ ಹತ್ತಿಸುತ್ತೇವೆ.
ಅದನ್ನೇ ತೋರಿಸಿದೆ, ಕಿಟಕಿಯ ಆಚೆಗೆ.
"ಏಪ್ರಿಲ್‌ನಲ್ಲಿ ಹತ್ತಿದ್ದೀರಾ ಮಿಸ್?
ನಾನು ಮೇಕೆ ಹೊಡ್ಕೊಂಡು ಹೋಗ್ತೀನಲ್ಲ.
ಮೊದಲು ಗುಜರಾತು ಹೋಗುತ್ತೆ. ಆಮೇಲೆ ಕೇರಳ.
ಕೊನೆಗೆ ಉಳಿಯೋದು ಇಷ್ಟು."
ಅಟ್ಲಾಸಿನ ಚುಕ್ಕೆಯ ಮೇಲೆ ಬೆರಳಿಟ್ಟಳು,
ಆಮೇಲೆ ತಟ್ಟೆ ತೊಳೆಯಲು ಹೋದಳು.

ಬಸ್ಸು ಹೊರಟ ಸದ್ದು. ಖಾಲಿ ಕೋಣೆಯಲ್ಲಿ
ಶುದ್ಧಪ್ರತಿ ಮಾಡಲು ನಡಾವಳಿ ಪುಸ್ತಕ ತೆರೆದೆ.
ಅಮೆರಿಕದ್ದು ಎರಡು ಸಾಲು. ಚೀನಾದ್ದು ಒಂದೂವರೆ.
ಇಂಡಿಯಾದ್ದು ಮುಕ್ಕಾಲು ಪುಟ, ಅಕ್ಷರ ಬಿಡದೆ,
ಎಂಜಲೆಲೆಯ ಕೆಳಗೆ ಅಡಿಗೆರೆ ಬೇರೆ.
ಕೈಬರಹ ನನ್ನದೇ.
ಕೊನೆಯಲ್ಲಿ, ಹಾಳೆಯ ಅಂಚಿಗೆ ಅಂಟಿಕೊಂಡು:
ತುವಾಲು, ಹಾಜರು.