ನಾಯಿ ಹಿಡಿಯಿರಿ

ಮುಂದೆ ಬರುವವಳೇ,
ಈ ಚೀಟಿಯನ್ನು ಮೇಜಿನ ಎಡಗಡೆ ಡ್ರಾಯರಿನಲ್ಲಿ ಬಿಟ್ಟಿದ್ದೇನೆ.
ಬಲಗಡೆಯದು ತೆರೆಯುವುದಿಲ್ಲ, ಎಳೆದು ಬೆರಳು ಜಜ್ಜಿಕೊಳ್ಳಬೇಡ.
ಅಲ್ಲಿಗೆ ಮೊದಲ ಎಚ್ಚರಿಕೆ ಮುಗಿಯಿತು.

ದಾರ್ಖಾನಿನ ಚಳಿಯ ಬಗ್ಗೆ ನಿನಗೆ ಹೇಳಿಯೇ ಇರುತ್ತಾರೆ,
ಸೊನ್ನೆಯ ಕೆಳಗೆ ಮೂವತ್ತು ಅಂತ.
ಹೇಳದೆ ಬಿಟ್ಟದ್ದು ಇದು:
ಕಲ್ಲಿದ್ದಲ ಹೊಗೆಗೆ ಸಂಜೆ ಐದಕ್ಕೇ ಬೀದಿ ಮುಖ ಕಳೆದುಕೊಳ್ಳುತ್ತದೆ.
ಎದುರು ಬರುವವನು ಹತ್ತು ಹೆಜ್ಜೆಯಾಚೆ
ಬರೀ ಬೂಟಿನ ಸದ್ದು.

ನಾನು ಇಲೊಯಿಲೊ ಊರಿನವಳು,
ಮಂಜುಗಡ್ಡೆಯನ್ನು ಮೀನಿನ ಬುಟ್ಟಿಯಲ್ಲಷ್ಟೇ ಕಂಡವಳು.
ಅದರ ಮೇಲೆ ಬಾತುಕೋಳಿಯ ಹಾಗೆ
ಕಾಲು ಅಗಲಿಸಿ ನಡೆಯಲು ಕಲಿಸಿದವಳು
ಆರನೇ ತರಗತಿಯ ನೊಮುಂದಾರಿ.
ನಾನು ಅವಳಿಗೆ ಭೂತಕಾಲ ಕಲಿಸಿದೆ.
ಲಾಭ ಯಾರಿಗೆ ಹೆಚ್ಚು, ನೀನೇ ಹೇಳು.

ಕೈ ಚಾಚಿದರೆ ಇಲ್ಲಿ ಯಾವ ಕಾರೂ ಟ್ಯಾಕ್ಸಿಯೇ.
ಹಿಂದೆ ಕೂರು. ಕೂರುವ ಮುಂಚೆ ನಂಬರ್ ಪ್ಲೇಟನ್ನು ಜೋರಾಗಿ ಓದು,
ಫೋನಿನ ಆ ಕಡೆ ಯಾರೂ ಇಲ್ಲದಿದ್ದರೂ.
"ಯಾವ ದೇಶ?" ಎಂದು ಕುಡಿದವರು ಕೇಳುತ್ತಾರೆ.
ನಿನ್ನ ಕಣ್ಣು ಮೂಗು ನೋಡಿ
ತಮಗಾಗದ ದೇಶವೊಂದನ್ನು ನಿನಗೆ ಕಟ್ಟುತ್ತಾರೆ.
ವಾದ ಬೇಡ. ನಡೆ. ಓಡಬೇಡ, ಜಾರುತ್ತದೆ.

ರಾಯಭಾರ ಕಚೇರಿಯ ನಂಬರು ಗೋಡೆಯ ಮೇಲಿದೆ.
ಎತ್ತುವ ನಂಬರು ಬೇಕಾದರೆ ಕೆಳಮಹಡಿಯ ದುಲ್ಮಾ,
ಕಾವಲಿನ ಮುದುಕಿ.
ಮೆಟ್ಟಿಲ ಬುಡದಲ್ಲಿ ಟಿವಿ ನೋಡುತ್ತಾ ನಿದ್ದೆ ಹೋಗುತ್ತಾಳೆ,
ನಿದ್ದೆಯಲ್ಲೇ ಗಂಡಸರನ್ನು ಎಣಿಸುತ್ತಾಳೆ.

ನಿರ್ದೇಶಕ ಚುಲೂನ್ ಕೆಟ್ಟವನಲ್ಲ,
ಹೊಸವರ್ಷಕ್ಕೆ ಕುರಿಮಾಂಸ ಕಳಿಸುತ್ತಾನೆ.
ಆದರೆ ಮೊದಲ ವಾರವೇ ಕೈ ಚಾಚುತ್ತಾನೆ:
"ಪಾಸ್‌ಪೋರ್ಟ್ ನನ್ನ ಬೀರುವಿನಲ್ಲಿರಲಿ, ನಿಮ್ಮ ಸುರಕ್ಷತೆಗಾಗಿ."
ಕೊಡಬೇಡ.
ನಾನು ಕೊಟ್ಟೆ.
ಮರಳಿ ಪಡೆಯಲು ಐದು ತಿಂಗಳು, ಮೂರು ಸುಳ್ಳು, ಒಂದು ಅಳು ಬೇಕಾಯಿತು.
ಅಳು ಸುಳ್ಳಲ್ಲ.

ಫೆಬ್ರವರಿಯಲ್ಲಿ ಮಾರುಕಟ್ಟೆಯ ಹಿಂದೆ ನಡೆದದ್ದನ್ನು
ಇಲ್ಲಿ ಬರೆಯುವುದಿಲ್ಲ.
ಆ ದಾರಿ ಬೇಡ, ಅಷ್ಟೇ.

ಮಾತು ಬಲ್ಲವರು ಮಾಣಿಕ್ಯ ತರುತ್ತಾರಂತೆ.
ವರ್ಷವಿಡೀ ಮಾತು ಮಾರಿದ ನಾನು
ಗಳಿಸಿದ್ದು ಎರಡೇ ಮಾತು: ನೊಹೊಯ್ ಹೋರ್.
ನಾಯಿ ಹಿಡಿಯಿರಿ.
ಗುಡಾರ ಮನೆಗಳ ಬೇಲಿಯ ಹೊರಗೆ ನಿಂತು
ಹೀಗೆ ಕೂಗಿಯೇ ಒಳಗೆ ಹೋಗಬೇಕು,
ನಾಯಿ ಇರಲಿ, ಸತ್ತು ವರ್ಷಗಳಾಗಿರಲಿ.
ಬಂದಿದ್ದೇನೆ, ಕೇಡಿಗಲ್ಲ ಎಂದು ಅದರ ಅರ್ಥ.

ಇನ್ನೊಂದು.
ಎಚ್ಚರಿಕೆಯ ವಾಕ್ಯ ಬರೆದು ತನ್ನಿ ಎಂದಿದ್ದೆ ಒಮ್ಮೆ ತರಗತಿಗೆ.
ಬೆಂಕಿ, ಬಸ್ಸು, ಕರಗುವ ನದಿ, ಎಲ್ಲ ಬಂದವು.
ತೆಮುಲೆನ್ ಬರೆದಿದ್ದ:
ಟೀಚರ್, ಶುಕ್ರವಾರ ನಮ್ಮ ಮನೆಗೆ ಬರಬೇಡಿ,
ಅಪ್ಪನಿಗೆ ಸಂಬಳದ ದಿನ.
ವ್ಯಾಕರಣ ತಪ್ಪಿರಲಿಲ್ಲ.
ಪೂರ್ತಿ ಅಂಕ ಹಾಕಿದೆ.
ಎಷ್ಟು ಹೊತ್ತಾದರೂ ಪೆನ್ನಿನ ಮುಚ್ಚಳ ಸಿಗಲಿಲ್ಲ.

ರಾತ್ರಿ ಬಾಗಿಲು ತೆರೆಯಬೇಡ ಎಂದು
ಬಾಗಿಲ ಮೇಲೆಯೇ ಅಂಟಿಸಿದ್ದೇನೆ, ನೋಡು, ನನ್ನದೇ ಅಕ್ಷರ.
ತಟ್ಟುವವರು ಗಂಡಸರಾದರೆ ದೀಪ ಆರಿಸು,
ಹೆಸರು ಹೇಳಿದರೂ, ಪೊಲೀಸ್ ಎಂದರೂ
ದುಲ್ಮಾಳಿಗೆ ಫೋನು ಮಾಡು.

ಆದರೆ ಶುಕ್ರವಾರ ಹನ್ನೊಂದರ ಮೇಲೆ
ಚಿಲಕದ ಎತ್ತರಕ್ಕೆ ಒಂದು ದನಿ,
ಇನ್ನೂ ಒಡೆಯದ ದನಿ,
ನೊಹೊಯ್ ಹೋರ್ ಎಂದರೆ
ಕಂಬಳಿ ಮಂಚದ ಕೆಳಗಿದೆ.
ಹಾಲಿನ ಚಹಾಕ್ಕೆ ಸಕ್ಕರೆ ಬೇಡ, ಉಪ್ಪು.
ಏನಾಯಿತು ಎಂದು ಕೇಳಬೇಡ,
ಭೂತಕಾಲ ಅವನಿಗೆ ಚೆನ್ನಾಗಿ ಬರುತ್ತದೆ.

ಬೆಳಿಗ್ಗೆ ದುಲ್ಮಾ ಅವನ ಬೂಟು ನೋಡಿಯೂ
ನೋಡದ ಹಾಗೆ ಮೆಟ್ಟಿಲು ಗುಡಿಸುತ್ತಾಳೆ.

ತೆರೆಯುವ ಮುಂಚೆ ಉತ್ತರ ಹೇಳುವುದನ್ನು ಮರೆಯಬೇಡ.
ನಾನು ಇಷ್ಟೇ ಹೇಳುತ್ತಿದ್ದೆ:
ನಾಯಿ ಇಲ್ಲ, ಬಾ.