ಮಡಿ

ನ್ಯೂಕಾಸಲ್‌ನ ಬೈಕರ್ ಬಡಾವಣೆಯ ಲಾಂಡ್ರಿಯಲ್ಲಿ
ಸಂಜೆ ಐದಕ್ಕೆ ನನ್ನ ಪಾಳಿ.
ಬೆಳಿಗ್ಗೆ ಒಂಬತ್ತಕ್ಕೆ ವಕ್ರತೆಯ ಪಾಠ.
ನಡುವೆ ಮೆಟ್ರೊ, ಒಂದು ಬಾಳೆಹಣ್ಣು,
ಬಿಡಿಸದೆ ಉಳಿದ ಮೂರನೆಯ ಲೆಕ್ಕ.

ವಾರಕ್ಕೆ ಇಪ್ಪತ್ತೇ ಗಂಟೆ ದುಡಿಯಬಹುದು
ಎನ್ನುತ್ತದೆ ವೀಸಾದ ಕಾಗದ.
ಹದಿನಾಲ್ಕು ಬಾಡಿಗೆಗೆ, ನಾಲ್ಕು ಊಟಕ್ಕೆ,
ಒಂದೂವರೆ ಮೆಟ್ರೊಗೆ.
ಉಳಿದ ಅರ್ಧ ಗಂಟೆ ನನ್ನದು.
ಅದನ್ನು ಕೂಡಿಟ್ಟು ಹೋದ ತಿಂಗಳು
ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಂಡೆ.

ಹೋಟೆಲುಗಳಿಂದ ಬರುತ್ತವೆ ಹಾಸುಗಳು,
ಗಾಲಿ ಗೂಡೆಗಳಲ್ಲಿ, ಬೇರೆಯವರ ನಿದ್ದೆಯ ಮುದ್ದೆಗಳು.
ಮದುವೆಗೆ ಬಂದವರದು, ಫುಟ್‌ಬಾಲಿಗೆ ಬಂದವರದು,
ಯಾರೋ ಕಾಫಿ ಚೆಲ್ಲಿದ್ದು, ಯಾರೋ ರಾತ್ರಿಯಿಡೀ ಅತ್ತದ್ದು.
ಎಲ್ಲಕ್ಕೂ ಎಪ್ಪತ್ತೊಂದು ಡಿಗ್ರಿ ನೀರು,
ಎಲ್ಲವೂ ಕೊನೆಗೆ ಒಂದೇ ಬಿಳಿ.

ಆಚೆ ತುದಿ ಮೊರೀನಳದು, ಈಚೆ ತುದಿ ನನ್ನದು.
ಜಾಡಿಸುತ್ತೇವೆ; ಬಟ್ಟೆ ಒಂದು ಗಳಿಗೆ ಬಸುರಿಯಾಗುತ್ತದೆ.
ಹತ್ತಿರ ಬಂದು ಮೂಲೆಗೆ ಮೂಲೆ ಕೊಟ್ಟು
ಹಿಂದೆ ಸರಿಯುತ್ತೇವೆ.
ಇಮ್ಮಡಿ, ನಾಲ್ಮಡಿ, ಎಂಟುಮಡಿ.
"ಏಳು ಸಲಕ್ಕಿಂತ ಹೆಚ್ಚು ಮಡಚಲಾಗದಂತೆ, ಹೌದೇ?"
ಬಟ್ಟೆ ಸಾಕಷ್ಟು ಉದ್ದವಿದ್ದರೆ ಆದೀತು, ಎಂದೆ.
"ಸಂಬಳ ಸಾಕಷ್ಟು ಉದ್ದವಿದ್ದರೆ ಏನು ಬೇಕಾದರೂ ಆದೀತು, ಪೆಟ್."

ಗುರುತಿಲ್ಲದವರನ್ನೂ ಪೆಟ್ ಎನ್ನುತ್ತದೆ ಈ ಊರು.
ಮೊದಮೊದಲು ನಾಯಿಮರಿ ನೆನಪಾಗುತ್ತಿತ್ತು.
ಈಗ ಯಾರೂ ಕರೆಯದ ದಿನ
ಕಿವಿ ಕಾಯುತ್ತದೆ.

ತೊಡಕಿರುವುದು ಎಲಾಸ್ಟಿಕ್ ಹಾಸಿನಲ್ಲಿ.
ನಾಲ್ಕೂ ಮೂಲೆ ದುಂಡು. ಹೇಗೆ ಮಡಚಿದರೂ
ಎಲ್ಲೋ ಒಂದು ಗಂಟು, ಒಂದು ಮೊಂಡುತನ.
ಇದಕ್ಕೊಂದು ಪ್ರಮೇಯವೇ ಇದೆ:
ದುಂಡಗೆ ಬಾಗಿದ್ದನ್ನು
ಹಿಗ್ಗಿಸದೆ, ಹರಿಯದೆ
ಸಪಾಟು ಮಾಡಲಾಗದು.
ಕಿತ್ತಳೆ ಸಿಪ್ಪೆಯನ್ನು ಮೇಜಿಗೆ ಒತ್ತಿ
ಪ್ರಿಚರ್ಡ್ ಮೇಡಂ ಅದನ್ನು ತೋರಿಸುವಾಗ
ಮೂರನೆಯ ಸಾಲಿನಲ್ಲಿ ನಾನು
ಕಣ್ಣು ತೆರೆದುಕೊಂಡೇ ನಿದ್ದೆ ಹೋಗಿದ್ದೆ.
ನೋಟ್‌ಬುಕ್ಕಿನಲ್ಲಿ ಇಂದಿಗೂ ಇದೆ,
ಪೆನ್ನು ತಾನೇ ಜಾರಿ ಎಳೆದ ಗೆರೆ.
ಕಿರುಪರೀಕ್ಷೆಯಲ್ಲಿ ಐವತ್ತೆಂಟು.
'ನಿನ್ನಿಂದ ಇನ್ನೂ ಆಗುತ್ತದೆ' ಎಂದು ಅಂಚಿನಲ್ಲಿ ಪೆನ್ಸಿಲ್ ಅಕ್ಷರ.
ಆಗುತ್ತದೆ, ಮೇಡಂ. ಯಾವ ಗಂಟೆಯಲ್ಲಿ?

ಗ್ರಂಥಾಲಯದಲ್ಲಿ ಕೆಲಸ ಎಂದಿದ್ದೆ ಅಪ್ಪನಿಗೆ.
ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಹಿಂದೆ
ಮೂವತ್ತು ವರ್ಷ ಇದ್ದಿಲು ಊದಿದವನು,
ಪರರ ಅಂಗಿಗೆ ಗೆರೆ ಕೂರಿಸಿದವನು,
ಇಸ್ತ್ರಿಪೆಟ್ಟಿಗೆಯನ್ನು ನನಗೆ ಒಮ್ಮೆಯೂ ಮುಟ್ಟಗೊಡದವನು.
ಊರಿಗೆಲ್ಲ ಮಡಿ ಕೊಟ್ಟ ಮನೆ ನಮ್ಮದು;
ಒಳಗೆ ಬಾ ಎಂದವರು ಕಡಿಮೆ.

ಮೊನ್ನೆ ರವಿವಾರ ವಿಡಿಯೊ ಕರೆಯಲ್ಲಿ
ಕೂದಲು ಸರಿಸಲು ಕೈ ಎತ್ತಿದೆ, ತೋಳು ಜಾರಿತು.
ಮಣಿಕಟ್ಟಿನ ಮೇಲೆ ಉಗಿ ಕೊಟ್ಟ ಬರೆ, ಎರಡಂಗುಲ, ಕೆಂಪಗೆ.
ಅವನು ಒಂದಿಷ್ಟು ಹೊತ್ತು ಸುಮ್ಮನಿದ್ದ.
"ನಿಮ್ಮ ಗ್ರಂಥಾಲಯದಾಗ
ಪುಸ್ತಕ ಭಾಳ ಬಿಸಿ ಇರ್ತಾವೇನವ್ವಾ?"

ನೆಟ್‌ವರ್ಕ್ ಹೋದಂತೆ ನಟಿಸಬಹುದಿತ್ತು.
ಅವನು ತನ್ನ ಮಣಿಕಟ್ಟನ್ನು ಕ್ಯಾಮೆರಾಗೆ ಹಿಡಿದ:
ಅದೇ ಜಾಗ. ಹಳೆಯದು, ಹುಣಸೆಬೀಜದ ಬಣ್ಣ.
"ತಣ್ಣೀರಾಗ ಹಿಡಿ. ಎಣ್ಣಿ ಹಚ್ಚಬ್ಯಾಡ."
ಬೇರೇನೂ ಕೇಳಲಿಲ್ಲ.
ನಾನೇ ಹೇಳಿದೆ, ಎಲಾಸ್ಟಿಕ್ ಹಾಸಿನ ಕಥೆ.
ಅಂಥದ್ದನ್ನು ಕಂಡವನಲ್ಲ. ದಿಂಬಿನ ಚೀಲ ತರಿಸಿ
ತಿರುಗಿಸಿ, ಮುರುಗಿಸಿ ನೋಡಿದ.
"ಒಂದು ಮೂಲಿಗೆ ಇನ್ನೊಂದು ಮೂಲಿ
ಟೊಪಗಿ ತೊಡಿಸಿದಂಗ ತೊಡಿಸು.
ಸುಕ್ಕು ಎಲ್ಲಿ ಹೋಗಬೇಕು? ಒಳಗ ಹೋಗತೈತಿ."

ಇವತ್ತು ಹಾಗೇ ಮಾಡಿದೆ.
ಮೊರೀನ್ ಸಿಳ್ಳೆ ಹಾಕಿದಳು.
ಪ್ರಮೇಯವೇನೂ ಸುಳ್ಳಾಗಲಿಲ್ಲ;
ಮೇಲೆ ಕೈಯಾಡಿಸಿದರೆ ಒಳಗಿನ ಗಂಟು ಸಿಗುತ್ತದೆ.

ಗೋಡೆಯಲ್ಲಿ ಒಂಬತ್ತೂ ನಲವತ್ತು.
ಈ ವಾರದಲ್ಲಿ ಉಳಿದದ್ದು ಇಪ್ಪತ್ತು ನಿಮಿಷ, ಒಂದು ಗೂಡೆ.
ಏಪ್ರನ್ನಿನ ಜೇಬಿನಲ್ಲಿ ಮೂರನೆಯ ಲೆಕ್ಕ
ನಾಲ್ಕು ಮಡಿಕೆಯಾಗಿ, ಬೆವರಿಗೆ ಮೆತ್ತಗಾಗಿ.
ಮೂಲೆ ಹಿಡಿ, ಪೆಟ್, ಎನ್ನುತ್ತಾಳೆ ಮೊರೀನ್.