ಟೇಪಿನ ಇನ್ನೊಂದು ತುದಿ

ಲಿಂಡಿಯಿಂದ ತೆಂಕಲಿಗೆ, ಕಡಲು ಒಂದು ಕೂಗಳತೆ.
ಅಳತೆಗಾರ ಎರಾಸ್ಟೊ ಗುಡ್ಡನಾಡಿನವನು, ಈ ಬಿಸಿಲಿಗೆ ಹೊಸಬ.
ಟೇಪಿನ ಇನ್ನೊಂದು ತುದಿ ಹಿಡಿದವನು ನಾನು,
ದಿನಗೂಲಿ, ಮಧ್ಯಾಹ್ನದ ಊಟ.

ಸೊಮೋಯೆ ಅಜ್ಜಿ ಚಾಪೆ ಹಾಸಿದಳು,
ಎಳನೀರು ಕೆತ್ತಿ ಕೊಟ್ಟಳು, ಆಮೇಲೆ
"ಹ್ಞೂಂ, ಬರೆದುಕೊ" ಅಂದಳು.

ಗೇರುಮರ, ಫಲ ಬಿಡುವುದು, ಮೂವತ್ತೇಳು.
ಫಲ ನಿಂತದ್ದು ನಾಲ್ಕು.
ತೆಂಗು ಒಂಬತ್ತು. ಒಂದಕ್ಕೆ ಸಿಡಿಲು ಬಡಿದಿತ್ತು,
ಸೇರಿಸಿಯೇ ಎಣಿಸಿದೆ; ಎರಾಸ್ಟೊ ಮೋಡ ನೋಡುತ್ತಿದ್ದ.
ಗಂಡನ ಗೋರಿ ಒಂದು. ಅದಕ್ಕೂ ಕಾಲಂ ಇದೆ:
ಸಾಗಿಸುವ ಖರ್ಚು, ಬಿಳಿಬಟ್ಟೆ ಸಮೇತ.

"ನೆಲ?"

ಅವನು ಪೆನ್ನಿನ ಮುಚ್ಚಳ ಕಚ್ಚಿದ.
ನೆಲ ಎಲ್ಲರದು ಅಜ್ಜಿ. ಎಲ್ಲರ ಪರವಾಗಿ
ಅಧ್ಯಕ್ಷರು ಕಾಯುತ್ತಾರೆ.
ಅವರು ಧರ್ಮದರ್ಶಿ, ಒಡೆಯರಲ್ಲ.
ಮನೆಯವರಿಗೆ ಕಾಯಿಲೆಯ ಹೆಸರು ತಿಳಿಸುವವನಂತೆ
ತೀರಾ ಮೆತ್ತಗೆ ಹೇಳಿದ.

"ಕಾಯಲು ಕೊಟ್ಟ ಮೇಕೆಯನ್ನೂ
ವರ್ಷಕ್ಕೊಮ್ಮೆ ಹೊಡೆದುಕೊಂಡು ಬಂದು ತೋರಿಸುತ್ತಾರಪ್ಪ.
ಎರಡು ಈದರೆ ಒಂದು ಮರಿ ಕೊಡುತ್ತಾರೆ."
ನಾವು ನಕ್ಕೆವು. ಅವಳು ನಗಲಿಲ್ಲ.

ಆಮೇಲೆ ಗೋಡೆ. ಕಡ್ಡಿ ಹೆಣೆದು ಮಣ್ಣು ಮೆತ್ತಿದ್ದು.
ಉದ್ದ ಹೇಳಿದೆ, ಬರೆದ.
ಆಮೇಲೆ ಬಾವಿ. ಟೇಪು ಇಳಿಬಿಟ್ಟೆ,
ನೀರು ಮುಟ್ಟಿದ್ದು ಬೆರಳಿಗೆ ತಿಳಿಯಿತು.
ಹನ್ನೊಂದು ಮೀಟರಿಗೆ ಒಂದು ಗೇಣು ಕಡಿಮೆ.
ಹನ್ನೊಂದೇ ಬರೆದ, ಪುಣ್ಯಾತ್ಮ.

"ತಡಿ," ಅಂದಳು. "ಬಾವಿಗೆ ದುಡ್ಡುಂಟೆ?"
ಉಂಟು.
"ಗೋಡೆಗೆ?"
ಉಂಟು.
"ಇದನ್ನು ತೋಡಿದವರು ನಾನೂ ಅವನೂ, ಎರಡು ಬೇಸಗೆ.
ತೆಗೆದ ಮಣ್ಣೇ ಆ ಗೋಡೆ.
ಕೆಳಗೆ ಮಲಗಿದ್ದಾಗ ನನ್ನದಲ್ಲ,
ತಂದು ತುಳಿದು ನಿಲ್ಲಿಸಿದರೆ ನನ್ನದು,
ಅದು ಇಲ್ಲದ ತೂತೂ ನನ್ನದು.
ಗೊತ್ತಿದ್ದರೆ ಎಲ್ಲಾ ತೋಡಿಬಿಡುತ್ತಿದ್ದೆವಲ್ಲೋ ಮಗಾ,
ಕಡಲಿನ ತನಕ."

ಎರಾಸ್ಟೊ ಹಾಳೆ ಮಗುಚಿದ. ಆ ಬದಿ ಖಾಲಿ.
ಮತ್ತೆ ಈ ಬದಿಗೆ ಮಗುಚಿ
ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ತೋರಿಸಿದ.
ಅವಳು ಪೆನ್ನು ಕೇಳಿ ತೆಗೆದುಕೊಂಡಳು,
ಹೆಸರು ಬರೆದಳು, ಅಪ್ಪನ ಹೆಸರೂ,
ನಿಧಾನಕ್ಕೆ, ಗೆರೆ ದಾಟಿ ಅಂಚಿನವರೆಗೆ.

ಸಂಜೆ ಟೇಪು ಸುತ್ತುವಾಗ ಕೊನೆಯ ಮೊಳ ಒದ್ದೆ,
ಮಣ್ಣು ಅಂಟಿತ್ತು. ಅಂಗಿಗೆ ಒರೆಸಿಕೊಂಡೆ.

ಗುರುವಾರ ನಮ್ಮ ಅವ್ವನ ಮನೆಯ ಸರದಿ.
ಅವತ್ತು ಈ ತುದಿ ಹಿಡಿಯುವವರು ಯಾರೆಂದು
ಎರಾಸ್ಟೊ ಇನ್ನೂ ಹೇಳಿಲ್ಲ.
ನಾನೂ ಕೇಳಿಲ್ಲ.